ತಟ್ಟೆಯಿಂದ ಫೋನಿಗೆ: ಧಾರವಾಡ ಸೀಮೆಯ ಮನೆಗಳು ಸಂಗೀತ ಕೇಳಿದ ಬಗೆ

ಗದುಗಿನ ಹುಡುಗ ಭೀಮಸೇನ ಜೋಶಿ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಡಲು ಪ್ರೇರಣೆ, ಅಂಗಡಿಯೊಂದರಲ್ಲಿ ಕೇಳಿದ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಠುಮ್ರಿಯ (ಲಘು ಶಾಸ್ತ್ರೀಯ ಹಾಡಿನ) ಗ್ರಾಮಫೋನ್ ತಟ್ಟೆ. ಗ್ರಾಮಫೋನ್ ಇದ್ದ ಮನೆಗಳು ಆಗ ಕಡಿಮೆ. ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷದ ಹಾಡು. ತಾಸುಗಟ್ಟಲೆ ಬೆಳೆಯುವ ಖ್ಯಾಲನ್ನು (ರಾಗವನ್ನು ವಿಸ್ತರಿಸಿ ಹಾಡುವ ಹಿಂದೂಸ್ತಾನಿ ಗಾಯನವನ್ನು) ಗಾಯಕರು ಅಷ್ಟರಲ್ಲೇ ಮುಗಿಸಬೇಕಿತ್ತು. ಪ್ರತಿ ಮಗ್ಗುಲಿಗೂ ಯಾರಾದರೂ ಎದ್ದು ಕೀಲಿ ಕೊಡಬೇಕು, ಸೂಜಿ ಬದಲಿಸಬೇಕು. ಉಳಿತಾಯಕ್ಕೆಂದು ಸವೆದ ಉಕ್ಕಿನ ಸೂಜಿಯನ್ನೇ ಮತ್ತೆ ಹಾಕಿದರೆ ಅದು ಹಾಡು ಅಚ್ಚಾಗಿರುವ ಗೀರಿನ ಅಂಚನ್ನು ಕೊರೆಯುತ್ತದೆ, ಏರುದನಿಯ ಜಾಗದಲ್ಲಿ ಸದ್ದು ಒಡೆಯುತ್ತದೆ.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಮಲ್ಲಿಕಾರ್ಜುನ ಮನ್ಸೂರರು ಮುಂದೆ ಇದೇ ನಿಲಯಕ್ಕೆ ಸಂಗೀತ ಸಲಹೆಗಾರರಾಗಿದ್ದರು. ರೇಡಿಯೊದಲ್ಲಿ ಆಯ್ಕೆ ಮನೆಯವರದಲ್ಲ. ಮುಂಜಾನೆಯ ರಾಗ ಮುಂಜಾನೆಗೇ ಬರುತ್ತಿತ್ತು. ಕೇಳಬೇಕೆಂದು ಕೂರದ ಮಕ್ಕಳ ಕಿವಿಗೂ ಬೀಳುತ್ತಿತ್ತು. ಈ ಸೀಮೆಯ ಕೇಳುಗರನ್ನು ಬೆಳೆಸಿದ್ದರಲ್ಲಿ ಹೀಗೆ ತಾನಾಗಿ ಕಿವಿಗೆ ಬಿದ್ದ ಸಂಗೀತದ ಪಾಲು ದೊಡ್ಡದು.

ಕ್ಯಾಸೆಟ್ ತಂದ ಬದಲಾವಣೆ ಇನ್ನೂ ಆಳವಾದದ್ದು. ಕೇಳುತ್ತಿದ್ದ ಮನೆಯವರು ಧ್ವನಿಮುದ್ರಿಸುವವರೂ ಆದರು. ರೇಡಿಯೊ ಕಛೇರಿ, ಮದುವೆಯ ಸೋಬಾನೆ, ಅಜ್ಜಿಯ ಬೀಸುವ ಪದ ಎಲ್ಲವೂ ಟೇಪಿಗೆ ಇಳಿದವು. ಸಿ-60 ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ 30 ನಿಮಿಷ, ಸಿ-90ರಲ್ಲಿ 45. ಎರಡನೆಯದರ ಪಟ್ಟಿ ತೆಳು, ಬೇಗ ಸಿಕ್ಕುಬೀಳುತ್ತದೆ. ಯಂತ್ರದ ಬೆಲ್ಟ್ ಸಡಿಲಾದರೆ ವೇಗ ಏರಿಳಿದು ಶ್ರುತಿ ಅಲ್ಲಾಡುತ್ತದೆ. ಸಿನಿಮಾ ಹಾಡಿನಲ್ಲಿ ಇದು ಅಷ್ಟಾಗಿ ತಿಳಿಯದು, ಗಾಯಕರು ಷಡ್ಜದ (‘ಸ’ ಸ್ವರದ) ಮೇಲೆ ದೀರ್ಘವಾಗಿ ನಿಂತಾಗ ತಕ್ಷಣ ಗೊತ್ತಾಗುತ್ತದೆ.

ಎಂಪಿ3 ಬಂದಾಗ 700 ಎಂಬಿಯ ಒಂದು ಸಿಡಿಗೆ 128 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 128 ಕಿಲೋಬಿಟ್‌ಗೆ ಕುಗ್ಗಿಸಿ) ಸುಮಾರು 12 ತಾಸಿನ ಸಂಗೀತ ಹಿಡಿಯಿತು. ಎಷ್ಟೋ ಸಲ ರಾಗದ ಹೆಸರು, ತಬಲಾ ಸಾಥಿಯ ಹೆಸರು ಕಳೆದೇಹೋದವು. ಈಗ ಫೋನಿನಲ್ಲಿ ಎಲ್ಲವೂ ಇದೆ, ಆದರೆ ಇಯರ್‌ಫೋನ್ ಹಾಕಿಕೊಂಡವರ ಹಾಡು ಪಕ್ಕದಲ್ಲಿ ಕೂತವರಿಗೆ ಇಲ್ಲ. ಫೋನಿನದೇ ಪುಟ್ಟ ಸ್ಪೀಕರಿನಲ್ಲಿ ಕೇಳಿದರೆ ತಂಬೂರಿಯ ಖರ್ಜ (ಅತಿ ತಗ್ಗಿನ ತಂತಿಯ ಸ್ವರ), ತಬಲಾ ಜೋಡಿಯ ದೊಡ್ಡ ವಾದ್ಯ ಡಗ್ಗಾದ ತಗ್ಗು ನಾದ ಸೋರಿಹೋಗುತ್ತವೆ. ಗಂಗೂಬಾಯಿ ಹಾನಗಲ್ಲರ ದನಿಯ ತೂಕವೇ ತಗ್ಗುತ್ತದೆ. ಒಂದು ಸಾದಾ ಹೊರ ಸ್ಪೀಕರ್ ಈ ಎರಡೂ ಕೊರತೆಗಳನ್ನು ಬಹುಮಟ್ಟಿಗೆ ನೀಗಿಸುತ್ತದೆ.

ಕಛೇರಿಗಳ ಮುದ್ರಿಕೆ ಬೇರೆಡೆ ಸಿಕ್ಕೀತು. ಮನೆಯವರ ದನಿಯ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಇರುವುದಿಲ್ಲ, ಹಾಗಾಗಿ ಮೊದಲು ಉಳಿಸಬೇಕಾದ್ದು ಅದನ್ನೇ. ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಚಿಪ್ಪುಗಳನ್ನು ಮುರಿಯಿರಿ, ಆಗ ಅಪ್ಪಿತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಯದು. ಧಾರವಾಡದ ಮಳೆಗಾಲದ ತೇವಕ್ಕೆ ಪಟ್ಟಿಯ ಮೇಲೆ ಬಿಳಿ ಬೂಷ್ಟು ಕಂಡರೆ ನುಡಿಸಬೇಡಿ. ಅದು ಯಂತ್ರಕ್ಕೆ ಅಂಟಿಕೊಂಡು, ಉಳಿದ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಯಂತ್ರದಲ್ಲಿ ಪಟ್ಟಿಯನ್ನು ಓದುವ ಹೆಡ್ಡು ಮತ್ತು ಪಟ್ಟಿಯನ್ನು ಎಳೆಯುವ ಉಕ್ಕಿನ ದಂಡವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ. ಸದ್ದು ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಸದ್ದು ಅತಿ ಸ್ಪಷ್ಟವಾದಲ್ಲಿ ನಿಲ್ಲಿಸಿ. ಯಂತ್ರದ ಲೈನ್-ಔಟ್ ಕಿಂಡಿಯಿಂದ ಕಂಪ್ಯೂಟರಿಗೆ 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊ ವೇವ್ (ಕುಗ್ಗಿಸದ ಧ್ವನಿ) ಕಡತವಾಗಿ ಇಳಿಸಿದರೆ ತಾಸಿಗೆ ಸುಮಾರು 1 ಜಿಬಿ ಆಗುತ್ತದೆ. ಮೂಲ ಕಡತಕ್ಕೆ ಗದ್ದಲ ತೆಗೆಯುವ ಸಾಫ್ಟ್‌ವೇರ್ ಹಚ್ಚಬೇಡಿ. ಟೇಪಿನ ಹಿಸ್ ಸದ್ದಿನ ಜೊತೆ ತಂಬೂರಿಯ ಜವಾರಿಯೂ (ತಂತಿಯ ಝೇಂಕಾರವೂ) ಹೋಗುತ್ತದೆ. ದನಿ ಗುರುತಿಸಬಲ್ಲ ಹಿರಿಯರಿಗೆ ಸ್ಪೀಕರಿನಲ್ಲಿ ಕೇಳಿಸಿ, ಹಾಡಿದವರು, ಊರು, ಸಂದರ್ಭ ಕೇಳಿ ಕಡತದ ಹೆಸರಿನಲ್ಲೇ ಬರೆದಿಡಿ.