ಆಗ್ರಾದ ಆ ಟೇಕಾಫ್ ಮತ್ತು ಆಲ್ಬಟ್ರಾಸ್ ಎಂಬ ಹಾಯಿಹಡಗು

ಪೈಲಟ್‌ಗಳಲ್ಲಿ ಹಾಯಿದೋಣಿಯ ಹುಚ್ಚು ಹಿಡಿದವರು ಸಾಕಷ್ಟು ಜನ ಇದ್ದಾರೆ. ಗಂಟೆಗೆ 800 ಕಿ.ಮೀ. ಹೋಗುವವರಿಗೆ ಗಂಟೆಗೆ 10 ಕಿ.ಮೀ. ಹೋಗುವ ದೋಣಿಯಲ್ಲಿ ಏನು ಸಿಗುತ್ತದೆ ಅಂತ ಹೊಸದಾಗಿ ತರಬೇತಿಗೆ ಬಂದವರು ಕೇಳುತ್ತಾರೆ. ಆಗೆಲ್ಲ ನಾನು ಅರ್ನೆಸ್ಟ್ ಗ್ಯಾನ್ ಅವರ ಹೆಸರು ಹೇಳುತ್ತೇನೆ. ಅವರು ಏರ್‌ಲೈನ್ ಪೈಲಟ್. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಗಾಗಿ ಹಾರಿದವರು. ಮನಸ್ಸು ಮಾತ್ರ ಸಮುದ್ರದಲ್ಲಿ ಇತ್ತು. ಈಗಿನ ಹುಡುಗ ಹುಡುಗಿಯರಲ್ಲಿ ಅವರನ್ನು ಓದಿದವರು ಕಡಿಮೆ. ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಗ್ಯಾನ್ ಹುಟ್ಟಿದ್ದು 1910ರಲ್ಲಿ, ಅಮೆರಿಕದ ನೆಬ್ರಾಸ್ಕಾದಲ್ಲಿ. ಸಮುದ್ರಕ್ಕೂ ಆ ಊರಿಗೂ ಸಂಬಂಧವೇ ಇಲ್ಲ. ನಾಟಕ, ಸಿನಿಮಾ ಅಂತ ಒಂದಷ್ಟು ಕಾಲ ಓಡಾಡಿ, 1938ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸೇರಿದರು. ಯುದ್ಧ ಶುರುವಾದಾಗ ಸೇನೆಯ ಏರ್ ಟ್ರಾನ್ಸ್‌ಪೋರ್ಟ್ ಕಮಾಂಡ್‌ಗಾಗಿ ಹಾರಿದರು. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಬ್ರೆಜಿಲ್, ಆಫ್ರಿಕಾ, ಕೊನೆಗೆ ನಮ್ಮ ದೇಶ. ಇಲ್ಲಿಂದ ಹಿಮಾಲಯದ ಸಾಲು ದಾಟಿ ಚೀನಾಕ್ಕೆ ಸಾಮಾನು ಸಾಗಿಸುವ ದಾರಿಯನ್ನು ಪೈಲಟ್‌ಗಳು ‘ಹಂಪ್’ ಅಂತ ಕರೆಯುತ್ತಿದ್ದರು. ಆ ದಾರಿಯಲ್ಲೂ ಗ್ಯಾನ್ ಹಾರಿದರು.

ಆಗ ಅವರ ಕೈಗೆ ಬಂದದ್ದು ಸಿ-87. ಲಿಬರೇಟರ್ ಬಾಂಬರ್ ವಿಮಾನವನ್ನೇ ಸಾಮಾನು ಹೊರಲು ಬದಲಾಯಿಸಿದ ಮಾದರಿ ಅದು. ಬೆಂಗಳೂರಿನ ಹಿರಿಯರಿಗೆ ಲಿಬರೇಟರ್ ಹೊಸದಲ್ಲ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಎಚ್‌ಎಎಲ್‌ನವರು ಇಲ್ಲಿಗೆ ತಂದು, ರಿಪೇರಿ ಮಾಡಿ, ನಮ್ಮ ವಾಯುಪಡೆಗೆ ಕೊಟ್ಟರು. 1968ರವರೆಗೂ ಅವು ಹಾರಿದವು. ಗ್ಯಾನ್ ಅವರಿಗೆ ಸಿ-87 ಕಂಡರೆ ಆಗುತ್ತಿರಲಿಲ್ಲ. ಅದನ್ನು ಅವರು ಬೈದಷ್ಟು ಬೇರೆ ಯಾವ ವಿಮಾನವನ್ನೂ ಬೈದಿಲ್ಲ.

ಆ ಸಿ-87ನಲ್ಲೇ ಅವರು ಆಗ್ರಾದಿಂದ ಟೇಕಾಫ್ ಮಾಡಿದರು. ವಿಪರೀತ ಸೆಖೆ. ಟ್ಯಾಂಕ್‌ಗಳಿಗೆ ಅವರು ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ಪೆಟ್ರೋಲ್ ತುಂಬಿತ್ತು, ಅವರಿಗೆ ಅದು ಗೊತ್ತಿರಲಿಲ್ಲ. ವಿಮಾನ ನೆಲ ಬಿಟ್ಟಿತು, ಆದರೆ ಏರಲೇ ಇಲ್ಲ. ಎದುರಿಗೆ ತಾಜ್ ಮಹಲ್. ಗುಮ್ಮಟದ ಸುತ್ತ ಅಟ್ಟಣಿಗೆ ಕಟ್ಟಿತ್ತು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ನೋಡೋಣ. ಒಂದು ಅಮೆರಿಕನ್ ಗ್ಯಾಲನ್ ಪೆಟ್ರೋಲ್ ಸುಮಾರು 2.7 ಕಿಲೋ ತೂಗುತ್ತದೆ. ಸಾವಿರ ಗ್ಯಾಲನ್ ಜಾಸ್ತಿ ಬಿದ್ದರೆ 2,700 ಕಿಲೋ. ಗಾಳಿ ಬಿಸಿಯಾದರೆ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆ ಎತ್ತುವ ಬಲವೂ ಕಡಿಮೆ, ಎಂಜಿನ್ನಿನ ಶಕ್ತಿಯೂ ಕಡಿಮೆ. ಸುಮಾರು 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿನಿಂದ ಹಾರುವ ನಮಗೆ ಇದು ವರ್ಷವಿಡೀ ಇರುವ ಲೆಕ್ಕ. ಹಾಗಿದ್ದರೆ ಪಕ್ಕಕ್ಕೆ ತಿರುಗಿಸಬಹುದಿತ್ತಲ್ಲ ಅಂತ ಕೇಳಬಹುದು. ತಿರುಗಬೇಕಾದರೆ ರೆಕ್ಕೆ ವಾಲಿಸಬೇಕು. ಮೊದಲೇ ಒದ್ದಾಡುತ್ತಿರುವ ವಿಮಾನವನ್ನು ವಾಲಿಸಿದರೆ ಅದು ಕೆಳಗೇ ಬರುತ್ತದೆ.

ಕೊನೇ ಗಳಿಗೆಯಲ್ಲಿ ಗ್ಯಾನ್ ಪೂರ್ತಿ ಫ್ಲ್ಯಾಪ್ ಇಳಿಸಿದರು. ಫ್ಲ್ಯಾಪ್ ಅಂದರೆ ರೆಕ್ಕೆಯ ಹಿಂಬದಿಯ ಬಾಗುವ ಹಲಗೆ. ಸಾಮಾನ್ಯವಾಗಿ ಅದನ್ನು ಪೂರ್ತಿ ಇಳಿಸುವುದು ಲ್ಯಾಂಡಿಂಗ್‌ಗೆ. ಒಮ್ಮೆಲೇ ಇಳಿಸಿದರೆ ವಿಮಾನ ಥಟ್ಟನೆ ಮೇಲಕ್ಕೆ ಉಬ್ಬುತ್ತದೆ, ಆದರೆ ವೇಗ ಕುಸಿಯುತ್ತದೆ. ಕೂಡಿಟ್ಟ ವೇಗವನ್ನು ಖರ್ಚು ಮಾಡಿ ಒಂದಿಷ್ಟು ಎತ್ತರ ಕೊಂಡುಕೊಂಡ ಹಾಗೆ. ವಿಮಾನ ಗುಮ್ಮಟ ದಾಟಿತು. ಇಂಥ ಹೊತ್ತಿನಲ್ಲಿ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಫ್ಲ್ಯಾಪನ್ನು ಒಮ್ಮೆಗೇ ಎತ್ತಿದರೆ ವಿಮಾನ ಕಲ್ಲಿನಂತೆ ಬೀಳುತ್ತದೆ. ಚೂರು ಚೂರೇ ಎತ್ತುತ್ತಾ, ಕಳೆದುಕೊಂಡ ವೇಗವನ್ನು ಮತ್ತೆ ಗಳಿಸಬೇಕು. ಆ ಕೆಲವು ಸೆಕೆಂಡುಗಳ ತಾಳ್ಮೆಯನ್ನು ನಾನು ಗುಮ್ಮಟ ದಾಟಿದ್ದಕ್ಕಿಂತ ದೊಡ್ಡದು ಅಂತ ಎಣಿಸುತ್ತೇನೆ.

ಇದೇ ಲೆಕ್ಕ ಹಾಯಿದೋಣಿಯಲ್ಲೂ ಇದೆ. ವಾಯುಪಡೆಯಲ್ಲಿದ್ದಾಗ ಸಿಕಂದರಾಬಾದಿನ ಹುಸೇನ್ ಸಾಗರದಲ್ಲಿ ನಾನು ಇದನ್ನು ಕಲಿತೆ. ದೋಣಿ ನೇರ ಗಾಳಿಗೆ ಎದುರಾಗಿ ಹೋಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಲ್ಲಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಾಗಬೇಕು. ರೇಸ್‌ನಲ್ಲಿ ಸುತ್ತಬೇಕಾದ ತೇಲುಗುರುತು ಗಾಳಿ ಬರುವ ಕಡೆಗೆ ಒಂದು ದೋಣಿಯುದ್ದ ದೂರದಲ್ಲಿ ಉಳಿದುಬಿಟ್ಟಿದೆ ಅಂದುಕೊಳ್ಳಿ. ಅನುಭವಿಗಳು ದೋಣಿಯ ಮೂತಿಯನ್ನು ಸೀದಾ ಗಾಳಿಗೆ ತಿರುಗಿಸುತ್ತಾರೆ. ಹಾಯಿ ಪಟಪಟ ಬಡಿಯುತ್ತದೆ. ಇದ್ದ ವೇಗದಲ್ಲೇ ದೋಣಿ ಜಾರಿಕೊಂಡು ಗುರುತನ್ನು ದಾಟುತ್ತದೆ. ತಕ್ಷಣ ಮೂತಿಯನ್ನು ಮತ್ತೆ ಗಾಳಿಗೆ ಓರೆಯಾಗಿ ತಿರುಗಿಸಿ ವೇಗ ಹಿಡಿಯಬೇಕು. ತಡ ಮಾಡಿದರೆ ದೋಣಿ ನಿಂತಲ್ಲೇ ನಿಲ್ಲುತ್ತದೆ. ನೀರಿನ ಮೇಲೆ ಇದನ್ನು ಮಾಡಿದ ಕೈಗೆ ಆಗ್ರಾದ ಫ್ಲ್ಯಾಪ್ ಬೇಗ ಅರ್ಥವಾಗುತ್ತದೆ. ಈ ಹೋಲಿಕೆ ನನ್ನದು, ಗ್ಯಾನ್ ಅವರದ್ದಲ್ಲ.

ದಾರಿ ಹುಡುಕುವ ವಿದ್ಯೆಯೂ ಹಡಗಿನಿಂದಲೇ ವಿಮಾನಕ್ಕೆ ಬಂದದ್ದು. ಗ್ಯಾನ್ ಅವರ ಕಾಲದಲ್ಲಿ ಅಟ್ಲಾಂಟಿಕ್ ಮೇಲೆ ಜಿಪಿಎಸ್ ಎಲ್ಲಿತ್ತು? ದಿಕ್ಕು, ವೇಗ, ಕಳೆದ ಸಮಯ, ಗಾಳಿ ತಳ್ಳಿದ್ದು ಎಷ್ಟು ಅಂತ ಕೂಡಿಸಿ ಕಳೆದು, ಚಾರ್ಟ್ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಬೇಕಿತ್ತು. ಅದು ಸರಿಯಾ ಅಂತ ನೋಡಲು ನಕ್ಷತ್ರ. ನಕ್ಷತ್ರ ಎಷ್ಟು ಎತ್ತರದಲ್ಲಿದೆ ಅಂತ ಕೋನ ಅಳೆಯುವ ಸಾಧನ ಸೆಕ್ಸ್‌ಟೆಂಟ್. ನಾವಿಕರ ಸೆಕ್ಸ್‌ಟೆಂಟ್‌ಗೆ ದಿಗಂತ ಕಾಣಬೇಕು. ಮೋಡದ ಮೇಲೆ, ರಾತ್ರಿಯಲ್ಲಿ ದಿಗಂತ ಎಲ್ಲಿ ಕಾಣುತ್ತದೆ? ಅದಕ್ಕೇ ವಿಮಾನದ ಸೆಕ್ಸ್‌ಟೆಂಟ್ ಒಳಗೆ ಒಂದು ನೀರ್ಗುಳ್ಳೆ ಇಟ್ಟರು. ಗುಳ್ಳೆ ನಡುವೆ ನಿಂತರೆ ಮಟ್ಟ ಸಿಕ್ಕಿತು ಅಂತ. ಉಳಿದ ಲೆಕ್ಕವೆಲ್ಲ ಹಡಗಿನದ್ದೇ.

ಯುದ್ಧದ ನಂತರ ಗ್ಯಾನ್ ಪೆಸಿಫಿಕ್ ಮೇಲೆ ಪ್ರಯಾಣಿಕ ವಿಮಾನ ಹಾರಿಸಿದರು, ಕಾದಂಬರಿ ಬರೆದರು, ಮೀನು ಹಿಡಿಯುವ ದೋಣಿಯನ್ನೂ ನಡೆಸಿದರು. 1950ರ ದಶಕದಲ್ಲಿ ಆಲ್ಬಟ್ರಾಸ್ ಎಂಬ ಹಾಯಿಹಡಗು ಕೊಂಡರು. 1920ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಟ್ಟಿದ್ದು. ಉತ್ತರ ಸಮುದ್ರದಲ್ಲಿ ಹಡಗುಗಳಿಗೆ ದಾರಿ ತೋರಿಸುವ ಬಂದರು ಪೈಲಟ್‌ಗಳನ್ನು ಹೊತ್ತು ತಿರುಗುತ್ತಿತ್ತು. ಗ್ಯಾನ್ ಅದರ ಹಾಯಿಗಳ ಜೋಡಣೆ ಬದಲಿಸಿ, ಎರಡು ಕಂಬದ ಬ್ರಿಗಂಟೈನ್ ಮಾಡಿ, ಪೆಸಿಫಿಕ್ ಸುತ್ತಿದರು. ಹಡಗು ಸಿನಿಮಾದಲ್ಲೂ ಕಾಣಿಸಿಕೊಂಡಿತು. 1959ರಲ್ಲಿ ಮಾರಿದರು. ಕೊಂಡವರು ಅದನ್ನು ವಿದ್ಯಾರ್ಥಿಗಳ ತೇಲುವ ಶಾಲೆ ಮಾಡಿದರು.

1961ರಲ್ಲಿ ಗ್ಯಾನ್ ಅವರ ಹಾರಾಟದ ನೆನಪುಗಳು ‘ಫೇಟ್ ಈಸ್ ದ ಹಂಟರ್’ (ವಿಧಿಯೇ ಬೇಟೆಗಾರ) ಅಂತ ಪುಸ್ತಕವಾಗಿ ಬಂದವು. ಶುರುವಿನಲ್ಲೇ ಸತ್ತುಹೋದ ವೈಮಾನಿಕರ ಹೆಸರುಗಳ ದೊಡ್ಡ ಪಟ್ಟಿ ಇದೆ. ತಮಗಿಂತ ಜಾಣರಾದ ಪೈಲಟ್‌ಗಳು ಹೋದರು, ತಾವು ಉಳಿದದ್ದು ಹಣೆಬರಹ ಅನ್ನುವುದು ಅವರ ನಂಬಿಕೆ. ಆ ಪಟ್ಟಿಯನ್ನು ಓದುವಾಗ ನನಗೂ ಗಂಟಲು ಕಟ್ಟುತ್ತದೆ. ಆದರೆ ಹಣೆಬರಹದ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಆಗ್ರಾದಲ್ಲಿ ಬೆನ್ನಟ್ಟಿದ್ದು ಯಾರೂ ಲೆಕ್ಕಕ್ಕೆ ತಾರದ ತೂಕ. ಇವತ್ತು ವಿಮಾನ ಬಂದಾಗ ಎಷ್ಟು ಇಂಧನ ಇತ್ತು, ಇಂಧನ ತುಂಬುವ ಟ್ಯಾಂಕರ್ ಬೌಸರ್ ಎಷ್ಟು ಹಾಕಿತು, ಗೇಜ್ ಎಷ್ಟು ತೋರಿಸುತ್ತಿದೆ, ಈ ಮೂರೂ ತಾಳೆಯಾಗದೆ ನಾವು ಬಾಗಿಲು ಹಾಕುವುದಿಲ್ಲ.

ಅದೇ 1961ರ ಮೇ 2ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಆಲ್ಬಟ್ರಾಸ್‌ಗೆ ಬಿರುಗಾಳಿ ಬಡಿಯಿತು. ಹಡಗು ಮಗ್ಗುಲಿಗೆ ಬಿದ್ದು ನೋಡನೋಡುತ್ತಲೇ ಮುಳುಗಿತು. ನಾಲ್ವರು ವಿದ್ಯಾರ್ಥಿಗಳು, ಕ್ಯಾಪ್ಟನ್ನರ ಪತ್ನಿ ಮತ್ತು ಅಡುಗೆಯವರು ಸತ್ತರು. ಬದುಕುಳಿದ ಕ್ಯಾಪ್ಟನ್ ಕ್ರಿಸ್ಟೋಫರ್ ಶೆಲ್ಡನ್, ಇದು ಸುಳಿವೇ ಕೊಡದೆ ಬಂದ ‘ಬಿಳಿ ಬಿರುಗಾಳಿ’ ಅಂದರು. ಹಡಗಿನ ಸ್ಥಿರತೆಯನ್ನು ಆಮೇಲೆ ಲೆಕ್ಕ ಹಾಕಿದವರು ಬೇರೆ ಕಡೆ ಬೆರಳು ತೋರಿಸಿದರು. ಒಂದು ಮಟ್ಟ ಮೀರಿ ವಾಲಿದರೆ ಮತ್ತೆ ಏಳುವ ಬಲ ಆ ಹಡಗಿಗೆ ಕಡಿಮೆ ಇತ್ತು ಅಂತ. ತೂಕದ ಲೆಕ್ಕವೇ ದಿನದ ಕೆಲಸವಾದವನಾಗಿ ನಾನು ಎರಡನೆಯವರ ಕಡೆ ವಾಲುತ್ತೇನೆ. ಕಂಬ, ಹಾಯಿ, ಸಾಮಾನು, ಯಾವುದು ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ಗಾಳಿ ಬರುವ ಮೊದಲೇ ತಿಳಿದಿರಬೇಕು, ಅಲ್ವಾ? ಈ ದುರಂತದ ನಂತರ ಅಮೆರಿಕದ ಕೋಸ್ಟ್ ಗಾರ್ಡ್ ತರಬೇತಿ ಹಾಯಿಹಡಗುಗಳ ವಿನ್ಯಾಸ, ಸ್ಥಿರತೆ ಎರಡನ್ನೂ ಮತ್ತೆ ಪರಿಶೀಲಿಸಿತು. ಅಂಥ ಹಡಗುಗಳಿಗಾಗಿಯೇ 1982ರಲ್ಲಿ ಪ್ರತ್ಯೇಕ ಕಾನೂನು ಬಂತು. ಗ್ಯಾನ್ ಆಗ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪದಲ್ಲಿ ನೆಲೆಸಿದ್ದರು. 1991ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಅವರಿಗೆ 81 ವರ್ಷವಾಗಿತ್ತು.