ವಿಡಾ ಹಕ್ಕಿ: ಹೆಸರು ಊರಿನದೋ, ವಿಧವೆಯದೋ?

ಪ್ರಶ್ನೆ: ಆಫ್ರಿಕಾದ ಉದ್ದ ಬಾಲದ ವಿಡಾ ಹಕ್ಕಿಗೆ ಬೆನಿನ್ ದೇಶದ ಬಂದರೊಂದರ ಹೆಸರಿಟ್ಟಿದ್ದಾರಂತೆ, ನಿಜವೇ?

ಅರ್ಧ ನಿಜ. ಕಾಗುಣಿತ ಬಂದರಿನದು, ಹೆಸರು ವಿಧವೆಯದು. ಇಂಗ್ಲಿಷಿನವರು ಮೊದಲು ಇದನ್ನು 'ವಿಡೋ ಬರ್ಡ್' ಎಂದೇ ಕರೆಯುತ್ತಿದ್ದರು. ಪೋರ್ಚುಗೀಸಿನ 'ವಿಯುವಾ'ದ ಅರ್ಥವೂ ವಿಧವೆಯೇ. ಗುಲಾಮರ ವ್ಯಾಪಾರದ ಕಾಲದಲ್ಲಿ ಪಶ್ಚಿಮ ಆಫ್ರಿಕಾದ ವಿಡಾ (ಈಗಿನ ಊಯಿದಾ) ಬಂದರು ನಾವಿಕರ ಬಾಯಲ್ಲಿ ದಿನವೂ ಇದ್ದ ಹೆಸರು. ಉಚ್ಚಾರ ಹತ್ತಿರ, ಹಕ್ಕಿಯೂ ಆಫ್ರಿಕಾದ್ದು. 'ವಿಡೋ' ಜಾರಿ 'ವಿಡಾ' ಆಯಿತು. ಇಂಗ್ಲಿಷ್ ಅಕ್ಷರ (whydah) ನೋಡಿ 'ವೈಡಾ' ಎಂದು ಓದಬೇಡಿ.

1816ರಲ್ಲಿ ಫ್ರೆಂಚ್ ಪ್ರಾಣಿವಿಜ್ಞಾನಿ ಕ್ಯುವಿಯೇ ಈ ಕುಲಕ್ಕೆ 'ವಿಡುವಾ' ಎಂದು ಹೆಸರಿಟ್ಟ. ಅದು ಲ್ಯಾಟಿನ್ನಿನ ವಿಧವೆ. ನಾವು ಸಂಸ್ಕೃತದಿಂದ ಪಡೆದ 'ವಿಧವೆ', ಲ್ಯಾಟಿನ್ನಿನ 'ವಿಡುವಾ', ಇಂಗ್ಲಿಷಿನ 'ವಿಡೋ' ಮೂರೂ ಒಂದೇ ಬೇರಿನವು. ಧವ, ಅಂದರೆ ಗಂಡ, ಇಲ್ಲದವಳು ವಿಧವೆ ಎಂದು ಬಿಡಿಸುವುದು ರೂಢಿ. ಆದರೆ 'ಧವ' ಎಂಬ ಪದವೇ ಹಾಗೆ ಬಿಡಿಸಿದ ಮೇಲೆ ಹುಟ್ಟಿತು ಎನ್ನುತ್ತಾರೆ ಭಾಷಾವಿಜ್ಞಾನಿಗಳು. ಹಕ್ಕಿಗೆ ಊರು ಅಂಟಿಕೊಂಡದ್ದೂ ಇಂಥದೇ ಜಾಣತನದಿಂದ.

ವಿಧವೆಯೇ ಏಕೆ? ನಮ್ಮ ಕಡೆಯ ಬಿಳಿ ಸೀರೆ, ಕೆಂಪು ಮಡಿಸೀರೆ ನೆನೆದರೆ ತಾಳೆಯಾಗದು. ಯುರೋಪಿನಲ್ಲಿ ಶೋಕದ ಬಣ್ಣ ಕಪ್ಪು. ಕರಿಬಾಲ ಅವರಿಗೆ ಶೋಕದ ಉಡುಪಿನ ಹಾಗೆ ಕಂಡಿತು. ತಮಾಷೆಯೆಂದರೆ ಆ ಬಾಲವಿರುವುದು ಗಂಡಿಗೆ, ಅದೂ ಹೆಣ್ಣನ್ನು ಒಲಿಸುವ ಋತುವಿನಲ್ಲಿ ಮಾತ್ರ! ಪಿನ್-ಟೇಲ್ಡ್ ವಿಡಾ ಎಂಬ ಜಾತಿಯ ಗಂಡಿಗೆ ಮೈ ಸುಮಾರು 12 ಸೆಂ.ಮೀ., ಬಾಲ ಸುಮಾರು 20 ಸೆಂ.ಮೀ.; ಉದ್ದವಾಗುವುದು ನಡುವಿನ ನಾಲ್ಕು ಗರಿ. ಋತು ಮುಗಿದರೆ ಅವು ಉದುರಿ, ಗಂಡೂ ಹೆಣ್ಣಿನಂತೆ ಗುಬ್ಬಿಬಣ್ಣಕ್ಕೆ ತಿರುಗುತ್ತದೆ. ಆಗ ಬಾಲ ಹುಡುಕಿದರೆ ಹಕ್ಕಿ ಗುರುತಾಗದು.

ಹೆಸರಿನ ಗೊಂದಲ ಇನ್ನೊಂದಿದೆ. ಇಂದು 'ವಿಡೋಬರ್ಡ್' ಎನ್ನುವುದು ಯೂಪ್ಲೆಕ್ಟೆಸ್ ಕುಲದ ಕೆಲವು ಹಕ್ಕಿಗಳಿಗೆ. ಅವು ನಮ್ಮ ಗೀಜಗನ ಕುಟುಂಬದವು, ತಮ್ಮ ಗೂಡು ತಾವೇ ಹೆಣೆಯುತ್ತವೆ. ವಿಡಾಗಳ ಕುಟುಂಬವೇ ಬೇರೆ. ಕೋಗಿಲೆಯಂತೆ ಇವಕ್ಕೆ ಪರರ ಗೂಡೇ ಗತಿ: ಪಿನ್-ಟೇಲ್ಡ್ ವಿಡಾ ಹೆಚ್ಚಾಗಿ ಕಾಮನ್ ವ್ಯಾಕ್ಸ್‌ಬಿಲ್ ಎಂಬ ಪುಟ್ಟ ಹಕ್ಕಿಯ ಗೂಡಿನಲ್ಲಿ, ಪ್ಯಾರಡೈಸ್ ವಿಡಾ ಮೆಲ್ಬಾ ಫಿಂಚ್ ಎಂಬ ಇನ್ನೊಂದು ಪುಟ್ಟ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಡುತ್ತವೆ. ಪಂಜರದಲ್ಲಿ ಬರಿಯ ವಿಡಾ ಜೋಡಿಯನ್ನಿಟ್ಟು ಮರಿಗಾಗಿ ಕಾಯುವವರಿಗೆ ನಿರಾಶೆಯಾಗುವುದು ಇದಕ್ಕೇ. ಹಳೆಯ ಪುಸ್ತಕಗಳು ಎರಡೂ ಗುಂಪಿಗೆ 'ವಿಡಾ' ಎಂದೇ ಬರೆದಿವೆ. ಹಾಗಾಗಿ ಓದುವಾಗ ಪಕ್ಕದ ಲ್ಯಾಟಿನ್ ಹೆಸರು ನೋಡಿ: ವಿಡುವಾ ಇದ್ದರೆ ವಿಡಾ, ಯೂಪ್ಲೆಕ್ಟೆಸ್ ಇದ್ದರೆ ಗೀಜಗನ ನೆಂಟ.