ಆ ಬಿಳಿ ಹುಳಕ್ಕೆ ಔಷಧಿ ಹೊಡೆಯಬೇಡಿ

“ಸಾರ್, ಹಿಟ್ಟು ತಿಗಣೆ ದಪ್ಪ ಆಗಿ ಓಡಾಡ್ತಿದೆ!” ಸೀಬೆ ತೋಟದವರೊಬ್ಬರ ಫೋನು. ಹಿಟ್ಟು ತಿಗಣೆ ಅಂದರೆ ಮೈಗೆ ಬಿಳಿ ಹಿಟ್ಟು ಮೆತ್ತಿದಂತಿರುವ, ಗಿಡದ ರಸ ಹೀರುವ ಪುಟ್ಟ ಕೀಟ. ಔಷಧಿ ಕಲಸುವ ಆತುರದಲ್ಲಿದ್ದರು. ಮೊದಲು ಫೋಟೊ ಕಳಿಸಿ ಅಂದೆ.

ಅದು ತಿಗಣೆಯಲ್ಲ, ತಿಗಣೆ ತಿನ್ನುವ ಗುಲಗಂಜಿ ಹುಳುವಿನ ಮರಿ. ಹೆಸರು ಕ್ರಿಪ್ಟೊಲೀಮಸ್. 1898ರಲ್ಲಿ ಕಾಫಿಯ ಹಸಿರು ಶಲ್ಕಕೀಟ ತಿನ್ನಲೆಂದು ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದದ್ದು. ಈಗ ದ್ರಾಕ್ಷಿ, ಸೀಬೆ ತೋಟಗಳಲ್ಲಿ ನಾವೇ ಬಿಡುತ್ತೇವೆ. ಬಿಟ್ಟವರೇ ಗುರುತು ಸಿಗದೆ ಕೊಲ್ಲುವುದೂ ಉಂಟು!

ತಪ್ಪು ರೈತರದ್ದಲ್ಲ ಬಿಡಿ. ಮರಿಹುಳದ ಮೈಯಿಂದ ಮೇಣ ಒಸರುತ್ತದೆ. ಅದೇ ಬಿಳಿ ಎಳೆಗಳಾಗಿ ಬೆನ್ನು, ಪಕ್ಕೆಯಿಂದೆಲ್ಲ ಇಳಿಬಿದ್ದಿರುತ್ತದೆ. ಒಂದು ಕಡ್ಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ತಿಗಣೆ ನಿಧಾನ, ಇದು ಸರಸರ ಓಡುತ್ತದೆ. ಬಲಿತ ಮರಿ ಒಂದು ಸೆಂಟಿಮೀಟರಿಗಿಂತ ಉದ್ದ, ಅಂದರೆ ತಿಗಣೆಯ ಎರಡು ಮೂರು ಪಟ್ಟು. ಎಳೆಗಳೂ ಜಾಸ್ತಿ ಉದ್ದ, ಕೆದರಿದ ಕೂದಲಿನ ಹಾಗೆ.

ಈ ಮೇಣದ ಅಂಗಿ ಯಾಕೆ? ಇರುವೆಗಾಗಿ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಹಸುವಿನ ಹಾಗೆ ಕಾಯುತ್ತವೆ. ಹಿಂಡಿಗೆ ನುಗ್ಗಿದ ಹುಳವನ್ನು ಸುಮ್ನೆ ಬಿಡುತ್ತವಾ? ಕಚ್ಚುತ್ತವೆ. ಆದರೆ ಬಾಯಿಗೆ ಮಾಂಸದ ಬದಲು ಮೇಣ ಸಿಗುತ್ತದೆ, ಹತ್ತಿ ತುರುಕಿದ ಹಾಗೆ. ಇರುವೆ ದವಡೆ, ಮೀಸೆ ಒರೆಸಿಕೊಳ್ಳುತ್ತ ನಿಲ್ಲುತ್ತದೆ. ಅಷ್ಟರಲ್ಲಿ ಮರಿಹುಳ ಜಾಗ ಖಾಲಿ ಮಾಡಿರುತ್ತದೆ. ನೋಡಲು ತಿಗಣೆಯಂತಿರುವುದಕ್ಕೆ ಮೋಸ ಹೋಗುವವರು ಇರುವೆಗಿಂತ ನಾವೇ ಜಾಸ್ತಿ ಅಂತ ನನ್ನ ಅನಿಸಿಕೆ.

ಪೊರೆ ಬಿಟ್ಟಾಗ ಈ ಅಂಗಿಯೂ ಹೋಗುತ್ತದೆ. ಮತ್ತೆ ಮೇಣ ಬೆಳೆಯುವವರೆಗೆ ಮರಿ ಬರಿಮೈ. ಇರುವೆ ಕಿಕ್ಕಿರಿದ ಗಿಡದಲ್ಲಂತೂ ಅಂಗಿಯಿದ್ದರೂ ಕಷ್ಟವೇ. ಹಾಗಾಗಿ ಹುಳ ಬಿಡುವ ಮೊದಲು ಇರುವೆ ಹತ್ತದಂತೆ ಕಾಂಡಕ್ಕೆ ಅಂಟುಪಟ್ಟಿ ಸುತ್ತಿ, ನೆಲಕ್ಕೆ ತಾಗುವ ರೆಂಬೆ ಕತ್ತರಿಸಿ. ಬಿಟ್ಟ ಮೇಲೆ ಕೀಟನಾಶಕದ ಮಾತೇ ಬೇಡ.

ಔಷಧಿ ಡಬ್ಬಿ ಒಳಗಿಟ್ಟ ಆ ರೈತರಿಂದ ವಾರದ ನಂತರ ಇನ್ನೊಂದು ಫೋಟೊ ಬಂತು. “ಇದ್ಯಾರು ಸಾರ್, ಮಂಗನ ಮುಖ?” ಎಲೆಗೆ ಅಂಟಿದ್ದ ಪುಟ್ಟ ಕೋಶ, ಥೇಟ್ ಕೋತಿಯ ಮೂತಿ. ಸ್ಪಾಲ್ಗಿಸ್ ಚಿಟ್ಟೆಯದು. ಅದರ ಮರಿಯೂ ತಿಗಣೆಯನ್ನೇ ತಿನ್ನುತ್ತದೆ, ತಿಂದ ತಿಗಣೆಯ ಬಿಳಿ ಹಿಟ್ಟನ್ನೇ ಮೈಗೆ ಮೆತ್ತಿಕೊಂಡು!